ಲಿಸ್ಬನ್‌ನಿಂದ ಬಂದ ಪ್ರವಾಸಿ

ನಾನು ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿದವಳು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದವಳು. ಅಂಥ ಡೈಸಿ ಟೀಚರ್ ಕಳೆದ ಶನಿವಾರ ಬೆಳಗ್ಗೆ ಹತ್ತೂಕಾಲಿಗೆ, ಅದೂ ಅಲೋಶಿಯಸ್ ಚಾಪೆಲಿನ ಒಳಗೆ, ಅಷ್ಟೂ ಸಂತರು ಗೋಡೆಯಿಂದ ನೋಡುತ್ತಿರುವಾಗ ಒಂದು ಸುಳ್ಳು ಹೇಳಿದಳು. ಆಮೇಲೆ ಸಂಜೆಯವರೆಗೆ ಆ ಸುಳ್ಳನ್ನು ಬೆನ್ನಿಗೆ ಕಟ್ಟಿಕೊಂಡು ಇಡೀ ಮಂಗಳೂರು ತಿರುಗಿದಳು.

ಸುಳ್ಳು ರುಡೊಲ್ಫ್‌ರ ಬಗ್ಗೆ. ಈ ರುಡೊಲ್ಫ್ ನನ್ನ ಅಣ್ಣ ಬ್ರಯಾನನ ಕ್ಲಾಸ್‌ಮೇಟ್. ಇಪ್ಪತ್ತೇಳನೇ ವಯಸ್ಸಿನಲ್ಲಿ ಮಸ್ಕತ್ತಿಗೆ ಹೋದವರು ಅರವತ್ತಮೂರಕ್ಕೆ ವಾಪಸು ಬಂದರು. ನಡುವೆ ನಂತೂರಿನ ಜಾನೆಟ್‌ಳನ್ನು ಮದುವೆಯಾದರು. ಒಳ್ಳೆಯ ಹೆಂಗಸು, ಆರು ವರ್ಷದ ಹಿಂದೆ ತೀರಿಕೊಂಡಳು. ಮಕ್ಕಳಿಲ್ಲ. ನಾನಂತೂ ಮದುವೆಯೇ ಆಗಲಿಲ್ಲ. ಯಾಕೆ ಎಂದು ಕೇಳಿದವರನ್ನೆಲ್ಲ ‘ನೀವು ಯಾಕೆ ಆದಿರಿ’ ಎಂದು ತಿರುಗಿ ಕೇಳಿದ್ದೇನೆ. ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಜನವರಿಯಲ್ಲಿ ಊರಿಗೆ ಬಂದ ರುಡೊಲ್ಫ್ ನಮ್ಮ ಚರ್ಚಿನ ಗಾಯನ ತಂಡಕ್ಕೆ ಸೇರಿದರು. ಶ್ರುತಿ ಒಂದು ಕಡೆ, ಅವರು ಇನ್ನೊಂದು ಕಡೆ. ಆದರೂ ಬುಧವಾರದ ಪ್ರಾಕ್ಟೀಸಿಗೆ ನಾನು ಒಳ್ಳೆಯ ಸೀರೆ ಉಡುವುದು ಶುರುವಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಆ ಶನಿವಾರಕ್ಕೆ ಮೊದಲಿನ ಬುಧವಾರ ಅವರು ಚರ್ಚಿನ ಮೆಟ್ಟಿಲಲ್ಲಿ ನಿಂತು ಹೇಳಿದರು: ಶಕ್ತಿನಗರದ ಮನೆಗೆ ಗಿರಾಕಿ ಬಂದಿದ್ದಾರೆ, ಸೋಮವಾರ ಕರಾರಿಗೆ ಸಹಿ, ಆಮೇಲೆ ವಸಾಯಿಯಲ್ಲಿರುವ ತಂಗಿ ಲಿಲ್ಲಿಯ ಜೊತೆ ವಾಸ. “ರಜೆಗೆ ಬಂದಾಗೆಲ್ಲ ಬರೀ ಮದುವೆ, ಸತ್ತವರ ಬೊಜ್ಜ. ಊರು ನೋಡ್ಲೇ ಇಲ್ಲ ನಾನು. ಒಂದು ದಿವಸ ತೋರಿಸ್ತೀರಾ ಡೈಸಿ? ಉಳಿಯಲಿಕ್ಕೆ ಒಂದು ಕಾರಣ ಸಿಕ್ಕಿದರೆ ಉಳೀತೇನೆ.”

ಕಾರಣ ನೀಲಿ ಮೈಸೂರು ಸಿಲ್ಕ್ ಉಟ್ಟು ಎದುರಿಗೇ ನಿಂತಿತ್ತು. ಈ ಗಂಡಸರ ಕಣ್ಣಿಗೆ ದೇವರು ಎಂತ ಹಾಕಿ ಕಳಿಸುತ್ತಾನೋ ನನಗೆ ಗೊತ್ತಿಲ್ಲ. ಕೋಪ ನುಂಗಿಕೊಂಡು ಶನಿವಾರ ಎಂದೆ.

ಒಂದೇ ಒಂದು ಭಯವಿತ್ತು. ನಮ್ಮ ವಾಡೆಗೆ, ಅಂದರೆ ಚರ್ಚಿನ ನಮ್ಮ ವಾರ್ಡಿಗೆ, ಇರ್ವಿನ್ ಎಂಬ ಗುರ್ಕಾರ ಇದ್ದಾನೆ. ಯಾರ ಮನೆಯಲ್ಲಿ ತೊಟ್ಟಿಲು, ಯಾರ ಮನೆಯಲ್ಲಿ ಜ್ವರ, ಎಲ್ಲ ವಿಚಾರಿಸುವುದು ಗುರ್ಕಾರನ ಕೆಲಸ. ಮದುವೆಯಾಗದ ಹೆಂಗಸು ಒಬ್ಬ ವಿಧುರನ ಜೊತೆ ಐಸ್‌ಕ್ರೀಮ್ ತಿಂದರೆ, ಅದು ಕರಗುವ ಮೊದಲು ವಾಡೆಯವರು ಮದುವೆಯ ಹಿಂದಿನ ದಿನ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ತೆಂಗಿನಕಾಯಿ ಎಣಿಸುತ್ತಾರೆ. ಅವರು ಎಣಿಸಿ, ಇವರು ವಸಾಯಿಗೆ ಹೋಗಿಬಿಟ್ಟರೆ ನನ್ನ ಮುಖ ಎಲ್ಲಿಡುವುದು? ಹಾಗಾಗಿ ಯಾರ ಕಣ್ಣಿಗೂ ಬೀಳಬಾರದೆಂದು ತೀರ್ಮಾನಿಸಿದ್ದೆ.

ರುಡೊಲ್ಫ್ ದೊಡ್ಡ ಹುಲ್ಲಿನ ಟೊಪ್ಪಿ, ಕಪ್ಪು ಕನ್ನಡಕ, ಹೂವಿನ ಅಂಗಿ ಹಾಕಿಕೊಂಡು ಬಂದರು. ಅಂಗಿಯ ಮೂರನೆಯ ಗುಂಡಿ ಇರಲಿಲ್ಲ. ಚಾಪೆಲಿನಲ್ಲಿ ನಾನು ತಲೆ ಎತ್ತಿ, ಇಟಲಿಯಿಂದ ಬಂದ ಬ್ರದರ್ ಒಬ್ಬರು ಈ ಮಾಡು ಗೋಡೆಗಳನ್ನೆಲ್ಲ ಹೇಗೆ ಚಿತ್ರದಿಂದ ತುಂಬಿಸಿದರು ಎಂದು ವಿವರಿಸಿದೆ. ಕೊನೆಗೆ ಅಭ್ಯಾಸಬಲದಿಂದ, “ಪ್ರಶ್ನೆ ಉಂಟಾ?” ಎಂದೆ. ಪ್ರತಿ ಪಾಠದ ಕೊನೆಗೂ ಹಾಗೆ ಕೇಳಿ ಕೇಳಿ ಅದು ನನ್ನ ನಾಲಗೆಗೆ ಅಂಟಿಕೊಂಡಿದೆ. ರುಡೊಲ್ಫ್ ಕನ್ನಡಕ ತೆಗೆದರು. ಗಂಟಲು ಸರಿಮಾಡಿಕೊಂಡರು.

“ಡೈಸಿ, ನನಗೆ ಒಂದು ವಿಷಯ…”

“ಅರೆ, ಡೈಸಿ ಟೀಚರ್.”

ಬೆನ್ನ ಹಿಂದೆ ನಳಿನಾಕ್ಷಿ. ನನ್ನ ಜೊತೆ ಇಪ್ಪತ್ತು ವರ್ಷ ಗಣಿತ ಕಲಿಸಿದವಳು, ಈಗ ಅತ್ತಾವರದಲ್ಲಿ ಮಗ ದೀಪೇಶನ ಜೊತೆ ಇದ್ದಾಳೆ. ನಿವೃತ್ತ ಟೀಚರುಗಳ ವಾಟ್ಸಾಪ್ ಗುಂಪಿಗೆ ಅವಳೇ ಯಜಮಾನಿ. ಆ ಗುಂಪಿನಲ್ಲಿ ಗುರ್ಕಾರನ ಹೆಂಡತಿಯೂ ಇದ್ದಾಳೆ. ಅವತ್ತು ನಳಿನಾಕ್ಷಿಯ ಜೊತೆಗೆ ದೀಪೇಶನ ಮಾವ, ಅತ್ತೆ. ಹಾವೇರಿಯಿಂದ ಊರು ನೋಡಲು ಬಂದ ಬೀಗರು.

“ಇವರು ಯಾರು ಟೀಚರ್?” ನಳಿನಾಕ್ಷಿ ಹುಲ್ಲಿನ ಟೊಪ್ಪಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಟೂರಿಸ್ಟ್,” ಎಂದೆ. “ಲಿಸ್ಬನ್‌ನವರು. ನಾನು ಗೈಡ್ ಕೆಲಸ ಶುರು ಮಾಡಿದ್ದೇನೆ.”

“ಹೌದಾ? ಕನ್ನಡ ಬರ್ತದಾ ಇವರಿಗೆ?”

“ಒಂದಕ್ಷರ ಬರುವುದಿಲ್ಲ. ತುಳುವೂ ಇಲ್ಲ, ಕೊಂಕಣಿಯೂ ಇಲ್ಲ.”

ರುಡೊಲ್ಫ್ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು. ಆ ಕ್ಷಣಕ್ಕೇ ನನಗೆ ಅರ್ಥವಾಯಿತು: ಈ ಮನುಷ್ಯ ಮಾತಾಡಲಿ ಎಂದು ಮೂರು ತಿಂಗಳು ಕಾದವಳು, ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ನಾನೇ ಬೀಗ ಹಾಕಿದ್ದೆ. ನನ್ನ ತಲೆಗಿಷ್ಟು.

“ಒಳ್ಳೆದಾಯ್ತು,” ಎಂದಳು ನಳಿನಾಕ್ಷಿ. “ನನಗೆ ಮಂಡಿನೋವು. ನಮ್ಮ ಬೀಗರಿಗೂ ನೀವೇ ತೋರಿಸಿ. ಕಾರು ಉಂಟು.”

ಕಾರಿನ ಹಿಂದಿನ ಸೀಟಿನಲ್ಲಿ ನಾನು ಈ ಕಡೆ, ರುಡೊಲ್ಫ್ ಆ ಕಡೆ, ನಡುವೆ ಬೀಗಿತ್ತಿಯೂ ಅವರ ತಿಂಡಿಯ ಚೀಲವೂ. ಕದ್ರಿ ಗುಡ್ಡ ಏರುವಷ್ಟರಲ್ಲಿ ಅವರು ಲಿಸ್ಬನ್ನಿನ ಅತಿಥಿಗೆ ಎರಡು ಶೇಂಗಾ ಹೋಳಿಗೆ ತಿನ್ನಿಸಿದ್ದರು. ರುಡೊಲ್ಫ್‌ಗೆ ಗೊತ್ತಿದ್ದ ಪೋರ್ಚುಗೀಸ್ ಶಬ್ದ ಒಂದೇ. “ಒಬ್ರಿಗಾದು,” ಎಂದರು.

“ಏನಂದ್ರು ರೀ ಅವ್ರು?” ಬೀಗಿತ್ತಿ ನನ್ನನ್ನು ಕೇಳಿದರು.

“ಥ್ಯಾಂಕ್ಸ್ ಅಂತ.”

“ಒಬ್ರಿಗಲ್ಲ, ಎಲ್ಲಾರ್ಗೂ ಅದಾವ ಅಂತ ಹೇಳ್ರಿ,” ಎಂದು ಮೂರನೆಯದನ್ನು ಕೈಗಿಟ್ಟರು.

ಕದ್ರಿ ದೇವಸ್ಥಾನದಲ್ಲಿ ನಾನು ಹುರುಪಿನಿಂದ ಒಂಬೈನೂರ ಅರವತ್ತೆಂಟನೇ ಇಸವಿಯ ಲೋಕೇಶ್ವರನ ಕಂಚಿನ ಮೂರ್ತಿಯ ಕತೆ ಹೇಳಿದೆ. ಮಂಜುನಾಥನ ಅಂಗಳದಲ್ಲಿ ಒಬ್ಬ ಕ್ಯಾಥೊಲಿಕ್ ಹೆಂಗಸು ಇಸವಿ ಸಮೇತ ಇತಿಹಾಸ ಹೇಳುವುದನ್ನು ಕೇಳಲು ಬೇರೆ ನಾಲ್ಕು ಜನರೂ ಸೇರಿದರು. ಕೆರೆಯ ಮೆಟ್ಟಿಲಲ್ಲಿ ಬೀಗರು, ಪಕ್ಕದಲ್ಲೇ ನಿಂತಿದ್ದ ರುಡೊಲ್ಫ್‌ರನ್ನು ಮರವೋ ಕಲ್ಲೋ ಎಂಬಂತೆ ಬಿಟ್ಟು ಹೆಂಡತಿಗೆ ಹೇಳಿದರು:

“ಪಾಪ, ಹೆಂಡ್ತಿ ಇಲ್ಲ ಅನ್ನಸ್ತೈತಿ. ಅಂಗೀಗೆ ಗುಂಡಿ ಇಲ್ಲ ನೋಡು.”

“ಅದಕ್ಕಲ್ಲ ಬಿಡ್ರಿ,” ಎಂದರು ಬೀಗಿತ್ತಿ. “ಇಷ್ಟು ದೂರ ಬಂದು ಗುಡಿ ನೋಡವಲ್ಲ, ಕೆರಿ ನೋಡವಲ್ಲ. ಬೆಳಗಿಂದ ಟೀಚರಮ್ಮನ್ನ ನೋಡಾಕ ಹತ್ಯಾನ.”

ರುಡೊಲ್ಫ್ ಕಿವಿಯವರೆಗೆ ಕೆಂಪಾದರು. ನಾನು ತಿರುಗಿ ಕೆರೆಯ ಮೀನು ನೋಡಿದೆ. ಅರವತ್ತೊಂದು ವರ್ಷದ ನನ್ನ ಎದೆ ಹದಿನಾರರ ಹುಡುಗಿಯದರ ಹಾಗೆ ಹಾರುತ್ತಿತ್ತು. ಮೀನುಗಳಿಗೆ ಕೇಳುತ್ತದೇನೋ ಎಂದು ನಾಚಿಕೆಯಾಯಿತು.

ಹಂಪನಕಟ್ಟೆಯಲ್ಲಿ ಗಡ್‌ಬಡ್ ತಿಂದೆವು. ಮಂಗಳೂರಿಗೆ ಬಂದು ಆ ಎತ್ತರದ ಗ್ಲಾಸಿನ ಐಸ್‌ಕ್ರೀಮ್ ತಿನ್ನದೆ ಹೋಗುವುದುಂಟೇ? ಅತಿಥಿಗೆ ಭಾಷೆ ಬಾರದು ಎಂದು ಅವರದನ್ನೂ ನಾನೇ ಹೇಳಿದೆ, ಜೆಲ್ಲಿ ಬೇಡ ಎಂದೆ. ರುಡೊಲ್ಫ್‌ಗೆ ಜೆಲ್ಲಿ ಎಂದರೆ ಪ್ರಾಣ. ಅವರು ಚಮಚ ಹಿಡಿದು ನನ್ನನ್ನು ನೋಡಿದ ನೋಟಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ನಗು ತಡೆಯಲಾಗದೆ ಗೇರುಬೀಜ ನೆತ್ತಿಗೇರಿತು. ನಳಿನಾಕ್ಷಿ ಬೆನ್ನು ತಟ್ಟಿದಳು. “ಮೆಲ್ಲ ಟೀಚರ್, ಮೆಲ್ಲ. ಎಂತ ಅವಸರ ನಿಮಗೆ?”

ಅಲ್ಲಿಂದ ಕಾರು ಹತ್ತುವ ಮೊದಲು, ಅಂಗಡಿಯ ಗೇಟಿನ ಮರೆಯಲ್ಲಿ, ಅರ್ಧ ನಿಮಿಷ ಸಿಕ್ಕಿತು. ಕೊಂಕಣಿಯಲ್ಲಿ ಪಿಸುಗುಟ್ಟಿದೆ. “ಏನೋ ಹೇಳಲಿಕ್ಕಿತ್ತಲ್ಲ ನಿಮಗೆ? ಬೇಗ ಹೇಳಿ.”

“ಲಿಸ್ಬನ್‌ನವರಿಗೆ ಕೊಂಕಣಿ ಬರ್ತದಾ?” ಎಂದು ಮುಖ ಊದಿಸಿಕೊಂಡರು. ಅಷ್ಟರಲ್ಲಿ ಬೀಗಿತ್ತಿ ಚಕ್ಕುಲಿ ಹಿಡಿದು ಬಂದರು.

ಸುಲ್ತಾನ್ ಬತ್ತೇರಿಗೆ ತಲುಪುವಾಗ ನಾಲ್ಕೂವರೆ. ಇಲ್ಲಿ ನಾನು ಇನ್ನೊಂದು ಪಾಪ ಒಪ್ಪಿಕೊಳ್ಳಬೇಕು. ಮೂವತ್ತೊಂದು ವರ್ಷ ಮಕ್ಕಳಿಗೆ ‘ಟಿಪ್ಪು ಸುಲ್ತಾನನು ಯುದ್ಧನೌಕೆಗಳನ್ನು ತಡೆಯಲು ಕಟ್ಟಿಸಿದ ಕಾವಲು ಬುರುಜು’ ಎಂದು ಬರೆಸಿದ ನಾನು, ಮನೆಯಿಂದ ಐದು ಕಿಲೋಮೀಟರ್ ದೂರದ ಆ ಬುರುಜನ್ನು ಒಮ್ಮೆಯೂ ಹತ್ತಿರಲಿಲ್ಲ. ನಮ್ಮ ಊರಿನವರೇ ಹಾಗೆ. ಊರು ಎಲ್ಲಿಗೂ ಓಡಿಹೋಗುವುದಿಲ್ಲ, ನಾಳೆ ನೋಡಿದರಾಯಿತು ಎನ್ನುತ್ತಾ ಇಡೀ ಆಯುಷ್ಯ ಕಳೆಯುತ್ತೇವೆ. ಬೀಗರು ಕೋಟೆ ಎಂದುಕೊಂಡು ಬಂದಿದ್ದರು.

“ಇಷ್ಟಽ ಏನ್ರಿ?” ಎಂದರು.

“ಇಷ್ಟೇ,” ಎಂದೆ. ನನಗೂ ಅಷ್ಟೇ ಆಶ್ಚರ್ಯ. ಆದರೆ ಮೇಲೆ ಹತ್ತಿದರೆ ನದಿ, ಆಚೆ ದಂಡೆಯ ತೆಂಗು, ಅದರಾಚೆ ಸಮುದ್ರದ ಒಂದು ಗೆರೆ. ರುಡೊಲ್ಫ್ ಟೊಪ್ಪಿ ತೆಗೆದು ಬಹಳ ಹೊತ್ತು ನೋಡಿದರು. ಇಷ್ಟು ಚಂದದ್ದನ್ನು ಬಿಟ್ಟು ಇವರು ಸೋಮವಾರ ಸಹಿ ಹಾಕುತ್ತಾರಲ್ಲ ಎಂದು ನನಗೆ ಅಳುವೇ ಬಂತು. ಸಿಟ್ಟಿನ ಅಳು.

ನದಿ ದಾಟಿ ತಣ್ಣೀರುಬಾವಿಯ ಕಡಲತೀರಕ್ಕೆ ಹೋಗುವ ದೋಣಿ ಹತ್ತಿದೆವು. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ದೋಣಿ ಹೊರಟಿತು. ಮುಂದಿನ ಬೆಂಚಿನಲ್ಲಿ ಬೆನ್ನು ಹಾಕಿ ಕೂತಿದ್ದ ಕಿತ್ತಳೆ ಜಾಕೆಟ್ ಒಂದು ಮೆಲ್ಲನೆ ತಿರುಗಿತು. ಗುರ್ಕಾರ ಇರ್ವಿನ್.

ಇಳಿಯಲು ದಾರಿಯಿಲ್ಲ, ಸುತ್ತ ನೀರು. ಇರ್ವಿನ್ ನನ್ನನ್ನು ನೋಡಿದ, ಟೊಪ್ಪಿಯನ್ನು ನೋಡಿದ, ಬಾಯಿ ತೆರೆದ. ಅವನು ಮಾತಾಡಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ತರಗತಿಯ ಧ್ವನಿಯಲ್ಲಿ ಶುರು ಮಾಡಿಬಿಟ್ಟೆ.

“ಎಲ್ಲರೂ ಹಿಂದೆ ನೋಡಿ. ಸುಲ್ತಾನ್ ಬತ್ತೇರಿ. ಸಾವಿರದ ಏಳುನೂರ ಎಂಬತ್ತನಾಲ್ಕು. ಕಪ್ಪು ಕಲ್ಲು. ಇದು ಗುರುಪುರ ನದಿ, ಫಲ್ಗುಣಿ ಅಂತಲೂ ಹೇಳ್ತಾರೆ…” ಉಸಿರು ಬಿಡದೆ ಹೇಳುತ್ತಾ ಹೋದೆ. ಆದರೆ ನದಿ ಎಷ್ಟು ಅಗಲವಿದ್ದರೂ ಪಾಠ ಮುಗಿಯಲೇಬೇಕಲ್ಲ. ಮುಗಿಯಿತು. ಹಾಳು ನಾಲಗೆ ತನ್ನಷ್ಟಕ್ಕೆ ಹೇಳಿತು: “ಪ್ರಶ್ನೆ ಉಂಟಾ?”

ರುಡೊಲ್ಫ್ ಕೈ ಎತ್ತಿದರು. ಮೂರನೇ ಬೆಂಚಿನ ಹುಡುಗನ ಹಾಗೆ, ತೋರುಬೆರಳು ಮೇಲೆ ಮಾಡಿ.

“ಉಂಟು ಟೀಚರ್,” ಎಂದರು, ಅಚ್ಚ ಮಂಗಳೂರು ಕನ್ನಡದಲ್ಲಿ. “ಶಕ್ತಿನಗರದಲ್ಲಿ ಒಂದು ಮನೆ ಉಂಟು. ಒಬ್ಬನಿಗೆ ಅದು ದೊಡ್ಡದಾಗ್ತದೆ. ಇಬ್ಬರಿಗೆ ಸರಿಯಾಗ್ತದೆ. ಮಾರಬೇಕಾ, ಬೇಡವಾ?”

ಬೀಗಿತ್ತಿಯ ಕೈಯಿಂದ ಚಕ್ಕುಲಿ ಜಾರಿತು. “ಅಯ್ಯ ಶಿವನ, ಇವ್ರಿಗೆ ಕನ್ನಡ ಬರತೈತಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ನನಗೆ ಬರುವುದು ಸಿಟ್ಟು ಮಾತ್ರ. “ಇದು ಮನೆಯ ಪ್ರಶ್ನೆ,” ಎಂದೆ. “ಅದಕ್ಕೆ ಬ್ರೋಕರ್ ಇದ್ದಾರೆ. ನನ್ನ ಹತ್ತಿರ ಕೇಳಲಿಕ್ಕೆ ಎಂತಾದರೂ ಇದ್ದರೆ ನೆಟ್ಟಗೆ ನಿಂತು, ಪೂರ್ತಿ ವಾಕ್ಯದಲ್ಲಿ ಕೇಳಿ.”

ಅವರು ನಿಂತೇಬಿಟ್ಟರು. ದೋಣಿ ಓಲಾಡಿತು. ಟೊಪ್ಪಿ ಹಾರಿ ಫಲ್ಗುಣಿಗೆ ಬಿತ್ತು.

“ಡೈಸಿ, ನೀವು ನನ್ನನ್ನು ಮದುವೆ ಆಗ್ತೀರಾ?”

“ಕೂತ್ಕೊಳ್ಳಿ ಮಾರಾಯ್ರೆ,” ಎಂದು ದೋಣಿಯವನು ಕೂಗಿದ. “ಎಲ್ಲರನ್ನೂ ಮುಳುಗಿಸ್ತೀರಿ.”

“ಉತ್ತರ ಸಿಗದೆ ಕೂರುವುದಿಲ್ಲ,” ಎಂದರು ರುಡೊಲ್ಫ್. ಗುಂಡಿಯಿಲ್ಲದ ಅಂಗಿ ಜಾಕೆಟ್ಟಿನ ಸಂದಿಯಿಂದ ಹೊರಗೆ ಇಣುಕುತ್ತಿತ್ತು. ಅಷ್ಟು ಚಂದದ ಗಂಡಸನ್ನು ನಾನು ಈ ಊರಿನಲ್ಲಿ ನೋಡಿಲ್ಲ.

“ಆಗ್ತೇನೆ,” ಎಂದೆ. “ಈಗ ಕೂತ್ಕೊಳ್ಳಿ.”

ದೋಣಿಗೆ ದೋಣಿಯೇ ಚಪ್ಪಾಳೆ ತಟ್ಟಿತು. ಬೀಗರು ಯಾಕೆಂದು ಪೂರ್ತಿ ತಿಳಿಯದೆಯೂ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಇರ್ವಿನ್ ಜೇಬಿನಿಂದ ಫೋನ್ ತೆಗೆದ. ನಾನು ಅವನ ಕಡೆ ಬೆರಳು ತೋರಿಸಿದೆ.

“ಇರ್ವಿನ್, ನಾಳೆ ಚರ್ಚಿನ ಮಾಸಿಗೆ ಮೊದಲು ಯಾರಿಗಾದರೂ ಗೊತ್ತಾದರೆ ನೋಡು.”

“ಗೊತ್ತಾಗಲಿಕ್ಕೆ ಎಂತ ಉಂಟು ಟೀಚರ್?” ಎಂದ ಅವನು. “ನಿಮ್ಮ ಬುಧವಾರದ ಸೀರೆ ನೋಡಿ ಇಡೀ ವಾಡೆ ಮೂರು ತಿಂಗಳಿಂದ ಕಾಯ್ತಾ ಉಂಟು. ಈ ಶನಿವಾರವೂ ಆಗದಿದ್ದರೆ ನಾನೇ ಬಂದು ಮಾತಾಡುವುದು ಅಂತ ತೀರ್ಮಾನ ಆಗಿತ್ತು.”

ನಾನು ನಳಿನಾಕ್ಷಿಯ ಕಡೆ ತಿರುಗಿದೆ. ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. “ನನಗೆ ಚಾಪೆಲಿನಲ್ಲೇ ಗೊತ್ತಾಯ್ತು ಟೀಚರ್. ಲಿಸ್ಬನ್‌ನವರು ಮೆಟ್ಟಿಲು ಇಳಿಯುವಾಗ ‘ಉಸ್ಸಪ್ಪ’ ಅಂತಾರಾ?”

“ಮತ್ತೆ ಇಡೀ ದಿವಸ ಸುಮ್ಮನೆ ಇದ್ದೆಯಲ್ಲ?”

“ನೀವು ಅಷ್ಟು ಚಂದ ಊರು ತೋರಿಸ್ತಾ ಇದ್ದಿರಿ. ಬೀಗರಿಗೆ ಪಾಪ, ನಿಲ್ಲಿಸುವುದು ಹೇಗೆ?”

ತಣ್ಣೀರುಬಾವಿಯ ಮರಳಿನಲ್ಲಿ ಅವರೆಲ್ಲ ಬೇಕೆಂದೇ ನಮಗಿಂತ ಹಿಂದೆ ಉಳಿದರು. ಬೀಗಿತ್ತಿ ಓಡಿ ಬಂದು ಸೂಜಿ ದಾರವನ್ನು ನನ್ನ ಕೈಗೆ ಕೊಟ್ಟು ಹೋದರು. ನಾನು ಅದನ್ನು ರುಡೊಲ್ಫ್‌ರ ಕೈಗೆ ವರ್ಗಾಯಿಸಿದೆ. ಮೂವತ್ತಾರು ವರ್ಷ ಗಲ್ಫಿನಲ್ಲಿದ್ದವರಿಗೆ ಗುಂಡಿ ಹೊಲಿಯಲು ಬಾರದೇ? ಅವರು ಜೇಬಿಗೆ ಹಾಕಿಕೊಂಡು, ಶಕ್ತಿನಗರದ ಗಿರಾಕಿಗೆ ಫೋನ್ ಮಾಡಿ ಮನೆ ಕೊಡುವುದಿಲ್ಲ ಎಂದರು. ಮೂರೇ ಶಬ್ದದಲ್ಲಿ ಮುಗಿಸಿದರು.

“ಬುಧವಾರವೇ ಕೇಳಬಹುದಿತ್ತಲ್ಲ,” ಎಂದೆ. ಕೋಪ ಇನ್ನೂ ಸ್ವಲ್ಪ ಉಳಿದಿತ್ತು. “ಮೂರು ತಿಂಗಳು ಇತ್ತು. ಕಡೆಗೆ ಇವತ್ತು ಬೆಳಗ್ಗೆಯಾದರೂ ಕೇಳಬಹುದಿತ್ತು.”

“ಕೇಳ್ಲಿಕ್ಕೇ ಬಾಯಿ ತೆರೆದದ್ದು. ನೀವು ಲಿಸ್ಬನ್‌ಗೆ ಕಳಿಸಿದಿರಲ್ಲ,” ಎಂದರು ರುಡೊಲ್ಫ್. “ಅಷ್ಟು ದೂರದಿಂದ ವಾಪಸು ಬರಬೇಕಲ್ಲ ಡೈಸಿ. ಸಂಜೆ ಆಯಿತು.”

ನಾನು ಅವರ ತೋಳು ಹಿಡಿದುಕೊಂಡೆ. ಶನಿವಾರ ಸಂಜೆ, ಅರ್ಧ ಮಂಗಳೂರು ಆ ಮರಳಿನ ಮೇಲಿತ್ತು. ಯಾರು ಯಾರು ನೋಡಿದರೋ ನನಗೆ ಗೊತ್ತಿಲ್ಲ, ನಾನು ತಿರುಗಿ ನೋಡಲಿಲ್ಲ.