ಕನ್ನಡಿಯೊಳಗಿನ ಮೂರು ಸೆಕೆಂಡು

ಭಾಗ್ಯ ಕಂಪ್ಯೂಟರಿನ ಗುಂಡಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. ಪರದೆಯ ಮೇಲೆ ಯಾರದೋ ಮದುವೆಯ ಊಟದ ಪಂಕ್ತಿ ಅರ್ಧಕ್ಕೆ ನಿಂತಿತ್ತು. ಹೋಳಿಗೆ ಬಡಿಸುವವನ ಕೈ ಎಲೆಯಿಂದ ಗೇಣು ಮೇಲೆ, ಬೆಳಗಿನ ಏಳು ಗಂಟೆಯಿಂದ ಹಾಗೇ ಇತ್ತು. ಕೆಳಗೆ, ಸಾಲಾಗಿ ಜೋಡಿಸಿದ ವಿಡಿಯೋ ತುಣುಕುಗಳ ಮೇಲೆ, ಎಲ್ಲಿಗೆ ಬಂತೆಂದು ತೋರುವ ಒಂದು ಕೆಂಪು ಗೆರೆ. ಸಿರಾಜುದ್ದೀನ ಚಾಚಾ ಆ ಗೆರೆಯನ್ನು ಅಲ್ಲಿಯ ತನಕ ತಂದು, ಚಹಾದ ಕಪ್ಪು ಕೆಳಗಿಟ್ಟು, ಕುರ್ಚಿಯಲ್ಲೇ ಹಿಂದಕ್ಕೆ ಒರಗಿದ್ದರು. ಮತ್ತೆ ಏಳಲಿಲ್ಲ.

"ಎಲ್ಲಾ ಬಂದ್ ಮಾಡು ಬೇಟಾ," ಎಂದ ಚಾಚಾರ ತಮ್ಮ ಚಾಂದ್, ಬಾಗಿಲಲ್ಲಿ ನಿಂತು. "ಹೆಣ್ಮಕ್ಕಳು ಇಲ್ಲೇ ಕುಂದ್ರತಾರ. ಹಿಂದ ಅಂಗಳದಾಗ ಸ್ನಾನ ಮಾಡಿಸ್ಬೇಕು."

"ಹೂಂ ರೀ."

ಚಾಂದ್ ಹೋದ ಮೇಲೆ ಭಾಗ್ಯ ಅರ್ಧವಾಗಿದ್ದ ಕೆಲಸವನ್ನು ಉಳಿಸಿಟ್ಟು, ಪರದೆಯನ್ನು ಮಾತ್ರ ಆರಿಸಿದಳು. ಹೋಳಿಗೆ ಎಲೆ ಮುಟ್ಟದೆ ಕತ್ತಲೆಗೆ ಹೋಯಿತು.

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಮುಂದೆ ಫೋಟೋ ಅಂಗಡಿ, ಹಿಂದೆ ಮನೆ, ನಡುವೆ ಈ ಕಿಟಕಿಯಿಲ್ಲದ ಕೋಣೆ. ಇಪ್ಪತ್ತೆಂಟು ವರ್ಷ ಸುತ್ತಲಿನ ಊರುಗಳ ಮದುವೆಗಳೆಲ್ಲ ಇಲ್ಲಿಗೆ ಬಂದು, ಚಂದವಾಗಿ, ಹೊರಗೆ ಹೋಗಿದ್ದವು. ಇವತ್ತು ಬಿಳಿ ಬಟ್ಟೆ ಒಳಗೆ ಬಂತು. ಕೊಡ, ಕರ್ಪೂರ, ಸಾಬೂನು ಬಂದವು. ಎಲ್ಲರ ಬಾಯಿಯೂ ಅಲುಗುತ್ತಿತ್ತು, ಭಾಗ್ಯಳಿಗೆ ಏನೂ ಕೇಳುತ್ತಿರಲಿಲ್ಲ. ಯಾರೋ ಧ್ವನಿ ತೆಗೆದು ಚಿತ್ರ ಮಾತ್ರ ಬಿಟ್ಟಂತಿತ್ತು.

ಚಾಚಾರ ಹೆಂಡತಿ ನೂರಜಹಾನ್ ಚಾಚಿಯ ಫೋನು ಭಾಗ್ಯಳ ಕೈಯಲ್ಲಿ ನಡುಗಿದಾಗ ಧ್ವನಿ ಮರಳಿತು. ಚಾಚಿ ಬೆಳಗಿನಿಂದ ಫೋನು ಮುಟ್ಟಿರಲಿಲ್ಲ. ಅತ್ತ ಕಡೆ ಅವರ ಒಬ್ಬಳೇ ಮಗಳು, ಸುಲೇಪೇಟಕ್ಕೆ ಕೊಟ್ಟ ಮಹೆಕ್.

"ಭಾಗ್ಯ, ಸೇಡಂದಾಗ ರೈಲು ಹತ್ತೀನಿ. ಸುಲೇಪೇಟದಿಂದ ಬಸ್ಸೇ ತಡಾ ಆತು. ಚಾಂದ್ ಚಾಚಾಗ ಹೇಳು, ನಾ ಬರೋತನಕ ಎತ್ತಬ್ಯಾಡ್ರಿ ಅಂತ. ಅಬ್ಬಾನ ಮುಖ ನೋಡ್ಬೇಕು. ಕೇಳಾಕತ್ತದೇನು?"

"ಕೇಳಾಕತ್ತದ ಅಕ್ಕ. ಹೇಳ್ತೀನಿ."

ಅಂಗಡಿಯ ಮುಂದಿನ ಬೇವಿನ ಕೆಳಗೆ ಕುರ್ಚಿ ಹಾಕಿದ್ದರು. ಚಾಂದನನ್ನು ಹುಡುಕಿಕೊಂಡು ಹೋದ ಭಾಗ್ಯ ಗೋಡೆಗಂಟಿ ನಿಂತಳು. ಗಂಡಸರ ಮಾತಿನ ನಡುವೆ ಹೇಗೆ ಬಾಯಿ ಹಾಕುವುದೆಂದು ಅವಳಿಗೆ ಎಂದೂ ತಿಳಿದಿರಲಿಲ್ಲ.

"ನನ್ನ ಮಗಳ ಲಗ್ನದಾಗ," ಎನ್ನುತ್ತಿದ್ದ ಚಹಾದ ಅಂಗಡಿಯ ಅಂಬರಾಯ, "ನನ್ನ ಬೋಳು ತಲಿ ಹದಿನೆಂಟು ಸಲ ತೋರಿಸ್ಯಾನ, ಮಾರಾಯ. ಎಣಿಸೀನಿ ನಾ."

"ಲೈಟಿನ ಖರ್ಚು ಉಳೀತಲ್ಲ," ಎಂದ ಕಲ್ಲಿನ ಗಣಿಯ ಲಾಲಪ್ಪ.

"ನಗಬ್ಯಾಡ. ನಮ್ಮ ಮಾವ ಆ ಲಗ್ನಕ್ಕ ಬಂದೇ ಇದ್ದಿಲ್ಲ, ಸಿಟ್ಟಾಗಿ ತಮ್ಮೂರು ತೆಂಗಳ್ಯಾಗೇ ಕುಂತಿದ್ದ. ಮಗಳು ಅತ್ತೇ ಅತ್ತಳು. ವಿಡಿಯೋ ಬಂತು, ನೋಡಿದ್ರ ಮಾವ ಅಕ್ಷತಿ ಒಗದು ನಗಾಕತ್ತಾನ! ಬ್ಯಾರೆ ಯಾರದೋ ಲಗ್ನದಿಂದ ತಂದು ಅಂಟಿಸ್ಯಾನ ಸಿರಾಜ್. ಅದನ್ನ ನೋಡಿ ಮಾವಗೇ ನಂಬಿಕಿ ಬಂತು, ನಾ ಬಂದಿದ್ನೆಲ್ಲೋ ಅಂತ. ಈಗ ಮಾತಾಡ್ತಾನ."

ಎಲ್ಲರೂ ನಕ್ಕರು. ಅಂಬರಾಯ ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡ. ಆ ಸಂದಿಯಲ್ಲಿ ಭಾಗ್ಯ ಚಾಂದನಿಗೆ ಮಹೆಕಳ ಮಾತು ಮುಟ್ಟಿಸಿದಳು.

"ಮಧ್ಯಾಹ್ನದ ಜೊಹರ್ ನಮಾಜಿಗೆ ಅಂತ ಮಸೀದ್ಯಾಗ ಹೇಳೀವಿ," ಎಂದು ಚಾಂದ್ ಆಕಾಶ ನೋಡಿದ. ಮೇ ತಿಂಗಳ ಬಿಸಿಲು ಹಾಸುಗಲ್ಲಿನಿಂದ ಮೇಲೇಳುತ್ತಿತ್ತು. "ನೋಡೋಣ. ಒಂದು ತಾಸು ಕಾಯೋಣ."

*

ನಾಲ್ಕು ವರ್ಷದ ಹಿಂದೆ ಭಾಗ್ಯ ಈ ಅಂಗಡಿಗೆ ಬಂದದ್ದು ಒಂದು ಸಣ್ಣ ಫೋಟೋ ತೆಗೆಸಲು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಚಿತ್ತಾಪುರದ ಬೇಳೆ ಮಿಲ್ಲಿನಲ್ಲಿ ತೊಗರಿಬೇಳೆಯೊಳಗಿನ ಸಣ್ಣ ಕಲ್ಲು, ಹಳ್ಳು, ಆರಿಸುತ್ತಿದ್ದಳು. ಕಾಯುತ್ತ ಕುಳಿತಾಗ ಬಾಗಿಲ ಪರದೆಯ ಸಂದಿಯಿಂದ ಒಳಗಿನ ಕಂಪ್ಯೂಟರಿನಲ್ಲಿ ಮದುವೆ ಕಾಣುತ್ತಿತ್ತು.

"ಮಲ್ಲಿಗಿ ಬದ್ಲಾತು," ಎಂದು ತನಗೇ ಹೇಳಿಕೊಂಡಳು.

"ಏನಂದಿ ಬೇಟಾ?"

ಒಳಗಿನಿಂದ ಬಂದ ಪ್ರಶ್ನೆಗೆ ಅವಳು ಎದ್ದು ನಿಂತಳು. "ಆ ಹುಡುಗಿ ಮಲ್ಲಿಗಿ ಎಡಕ್ಕಿತ್ತರಿ. ಈಗ ಬಲಕ್ಕದ."

ಚಾಚಾ ಹಿಂದೆ ಸರಿಸಿ ನೋಡಿದರು. ಮೊದಲ ತುಣುಕು ಮುಂಜಾನೆಯದು, ಎರಡನೆಯದು ಊಟವಾದ ಮೇಲಿನದು. "ಮೂರು ಸಲ ನೋಡೀನಿ, ನನಗ ಕಂಡಿಲ್ಲ! ಫೋಟೋ ಆಮ್ಯಾಲ. ಮೊದ್ಲು ಒಳಗ ಬಂದು ಕುಂದ್ರು."

ಮೊದಲ ತಿಂಗಳು ಮೌಸು ಮುಟ್ಟಲು ಬಿಡಲಿಲ್ಲ. ಧ್ವನಿ ತೆಗೆದು ಬರೀ ನೋಡು ಎಂದರು. ನೀರು ತುಂಬಿ ನಿಂತ ಹಳೆಯ ಕಲ್ಲುಗಣಿಯ ತಳದಲ್ಲಿ ನಡೆದಂತೆ ಮದುವೆಗಳು ಅವಳ ಮುಂದೆ ಹಾದುಹೋದವು. ಬಾಜಾ ಬಾರಿಸುವವರ ಕೆನ್ನೆ ಉಬ್ಬುತ್ತಿತ್ತು, ಸದ್ದಿಲ್ಲ. ತಾಯಂದಿರು ಅಳುತ್ತಿದ್ದರು, ಸದ್ದಿಲ್ಲ. ಆಗ ಅವಳಿಗೆ ಕಣ್ಣುಗಳು ಕಾಣತೊಡಗಿದವು. ಯಾರು ಯಾರನ್ನು ನೋಡುತ್ತಾರೆ, ಯಾರು ನೋಡದಂತೆ ನೋಡುತ್ತಾರೆ.

ಎರಡನೆಯ ತಿಂಗಳು ಚಾಚಾ ಒಬ್ಬ ಮುದುಕಿಯ ಮುಖವನ್ನು ಪರದೆಯ ಮೇಲೆ ಹಾಕಿದರು. ಅದರ ಪಕ್ಕಕ್ಕೆ ಊಟದ ತಟ್ಟೆ ಜೋಡಿಸಿದರು.

"ಏನನ್ನಿಸ್ತು?"

"ಹಸಿವಾಗ್ಯದರಿ."

ತಟ್ಟೆ ತೆಗೆದು ಮದುಮಗಳನ್ನು ಇಟ್ಟರು. ಮುದುಕಿ ಹರಸುತ್ತಿದ್ದಳು. ಮದುಮಗಳನ್ನು ತೆಗೆದು ಖಾಲಿ ತೊಟ್ಟಿಲು ಇಟ್ಟರು. ಈಗ ಮುದುಕಿ ಯಾರನ್ನೋ ಕಳೆದುಕೊಂಡಿದ್ದಳು. ಮುದುಕಿಯ ಮುಖ ಮಾತ್ರ ಮೂರು ಸಲವೂ ಅದೇ. ಒಂದು ಗೆರೆ ಅಲುಗಿರಲಿಲ್ಲ.

"ಮುಖ ಒಂದೇ ಬೇಟಾ. ಬಾಜೂಕ ಏನಿಡ್ತೀವೋ ಅದನ್ನೇ ಮಂದಿ ಅದರ ಮನಸ್ಸು ಅಂತಾರ. ನೋಡೋ ಕಣ್ಣು ಮೊದ್ಲು ತೋರ್ಸು, ಕಂಡದ್ದು ಆಮ್ಯಾಲ. ಇಷ್ಟೇ ವಿದ್ಯಾ. ಆದ್ರ ಹುಷಾರ್, ನಮ್ಮ ಕೈಯಾಗ ಸುಳ್ಳು ಭಾಳ ಸಲೀಸು."

ಬೇಡವಾದ ತುಣುಕುಗಳನ್ನು ಹಾಕಲು ಅವಳೇ ಒಂದು ಜಾಗ ಮಾಡಿ, 'ಹಳ್ಳು' ಎಂದು ಹೆಸರಿಟ್ಟಳು. ಚಾಚಾ ಓದಿ ನಕ್ಕರು. ವಾರಕ್ಕೊಮ್ಮೆ ಅದನ್ನು ಅಳಿಸಬೇಕು ಎಂದರು. ಮಿಲ್ಲಿನಲ್ಲೂ ಹಾಗೇ ಇತ್ತು. ಅಲ್ಲಿಯೂ ಅವಳು ಎಸೆಯುವ ಮುಂಚೆ ಪ್ರತಿ ಹಳ್ಳನ್ನೂ ನೋಡುತ್ತಿದ್ದಳು; ಒಂದೊಂದು ಚಂದವಿದ್ದರೆ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು.

*

"ರೈಲು ವಾಡಿ ಸ್ಟೇಷನ್ನಿನ ಔಟರ್‌ದಾಗ ನಿಂತದ," ಎಂದಳು ಮಹೆಕ್ ಫೋನಿನಲ್ಲಿ. "ಅರ್ಧ ತಾಸಾತು. ಎರಡೂ ಕಡೆ ಬರೀ ಕಲ್ಲು. ಸಿಗ್ನಲ್ ಕೊಡವಲ್ರು."

ನಮಾಜಿನ ಹೊತ್ತು ದಾಟಿತ್ತು. ಬಿಳಿ ಬಟ್ಟೆ ಸುತ್ತಿದ ದೇಹ ಅಂಗಳದ ಮಂಚದ ಮೇಲಿತ್ತು. ಮುಖ ಮಾತ್ರ ತೆರೆದಿಟ್ಟಿದ್ದರು.

"ಬೈಕ್ ತಗೊಂಡು ಹೋಗ್ಲೇನು ನಾ?" ಎಂದ ಅಂಬರಾಯ.

"ನಡು ಹಾದ್ಯಾಗ ನಿಂತ ರೈಲಿನಿಂದ ಏಳು ತಿಂಗಳ ಬಸುರೀನ ಹ್ಯಾಂಗ ಇಳಿಸ್ತಿ ಕಾಕಾ?" ಎಂದ ಚಾಂದ್. "ಅದ್ನಾನ್ ಜತೀಗಿದ್ದಾನ. ಅವ ಗಂಡ, ಅವಂಗೇ ಧೈರ್ಯ ಇಲ್ಲ."

ಫೋನಿನಲ್ಲಿ ಮಹೆಕ್ ಇದನ್ನು ಕೇಳಿಸಿಕೊಂಡಳು. "ಭಾಗ್ಯ, ವಿಡಿಯೋ ಕಾಲ್ ಮಾಡು. ಮುಖಾನಾದ್ರೂ ತೋರ್ಸು."

ಭಾಗ್ಯ ಚಾಂದನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. "ಬ್ಯಾಡ. ಸತ್ತೋರ ಮ್ಯಾಲ ಭಾಯ್ ಒಂದಿನಾನೂ ಕ್ಯಾಮರಾ ಹಿಡೀಲಿಲ್ಲ. ಅವರ ಮ್ಯಾಲೇ ಹಿಡಿಯೋದೇನು?"

ಅದು ನಿಜವೇ ಆಗಿತ್ತು. ಕೇಳಿಕೊಂಡು ಬಂದವರನ್ನೆಲ್ಲ ಚಾಚಾ ಚಹಾ ಕುಡಿಸಿ ವಾಪಸು ಕಳಿಸಿದ್ದರು. ಭಾಗ್ಯ ಫೋನನ್ನು ಕಿವಿಗೊತ್ತಿಕೊಂಡಳು. ರೈಲಿನೊಳಗೆ ಯಾರೋ ಕಡಲೆ ಮಾರುತ್ತಿದ್ದ ಕೂಗು ಮಾತ್ರ ಕೇಳುತ್ತಿತ್ತು.

"ಸಂಜಿ ಅಸರ್ ನಮಾಜಿನ ತನಕ ಇಡೋಣೇನು ಭಾಭೀ?" ಚಾಂದ್ ಒಳಗೆ ಬಂದು ಕೇಳಿದ.

ನೂರಜಹಾನ್ ಚಾಚಿ ಬಹಳ ಹೊತ್ತು ಗಂಡನ ಮುಖ ನೋಡಿದರು. "ರೈಲು ಯಾವಾಗ ಬಿಡ್ತದ?"

"ಯಾರಿಗೂ ಗೊತ್ತಿಲ್ಲ."

"ಬಿಸಲಾಗ ಇಡಬ್ಯಾಡ್ರಿ," ಎಂದರು ಚಾಚಿ. "ಒಯ್ರಿ."

ಮಂಚ ಎದ್ದಿತು. ಹೆಂಗಸರು ಬಾಗಿಲ ತನಕ ಬಂದು ನಿಂತರು. ಕಬರಸ್ತಾನಕ್ಕೆ ಹೆಣ್ಣುಮಕ್ಕಳು ಹೋಗುವುದಿಲ್ಲ. ಬಿಳಿ ಟೋಪಿಗಳ ಸಾಲು ರೈಲ್ವೆ ಗೇಟು ದಾಟಿ, ಕಲ್ಲಿನ ದೂಳಿನಲ್ಲಿ ಬೆಳ್ಳಗೆ ಕರಗಿತು.

*

ಎರಡು ವರ್ಷದ ಹಿಂದೆ ಮಹೆಕಳ ಮದುವೆ ಇದೇ ರಸ್ತೆಯಲ್ಲಾಗಿತ್ತು. ಅಂದು ಕ್ಯಾಮರಾ ಬೇರೆಯವರಿಗೆ ಕೊಡಿ ಎಂದು ಎಲ್ಲರೂ ಚಾಚಾರಿಗೆ ಹೇಳಿದ್ದರು.

"ಅಬ್ಬಾ, ಒಂದಿನಾರ ಅದನ್ನ ಕೆಳಗಿಡ್ರಿ," ಎಂದು ಮಗಳೂ ಕೇಳಿದ್ದಳು. "ನನ್ನ ಕಡೆ ನೋಡ್ರಿ."

"ನೋಡಾಕತ್ತೀನಲ್ಲ. ಬ್ಯಾರೆಯವರು ತೆಗೆದ್ರ ನೀ ಕಣ್ಣು ಮುಚ್ಚಿದಾಗೇ ಚಿತ್ರ ನಿಲ್ಲಿಸ್ತಾರ."

ಮಹೆಕ್ ಆಮೇಲೆ ಕೇಳಲಿಲ್ಲ. ಮುಖ ಬಿಗಿದುಕೊಂಡಳು. ಜಲ್ವಾದ ಹೊತ್ತಿಗೆ ಹುಡುಗ ಹುಡುಗಿಯ ತಲೆಯ ಮೇಲೆ ಕೆಂಪು ದುಪಟ್ಟಾ ಹೊದಿಸಿ, ನಡುವೆ ಕನ್ನಡಿ ಇಟ್ಟರು. ಅದರಲ್ಲೇ ಒಬ್ಬರ ಮುಖ ಒಬ್ಬರು ಮೊದಲ ಸಲ ನೋಡಬೇಕು. ಎಂಥ ಕ್ಯಾಮರಾದವನಿಂದಲೂ ಇಲ್ಲಿ ಒಂದು ತಪ್ಪಾಗುತ್ತದೆ: ಕನ್ನಡಿಯ ಮೂಲೆಯಲ್ಲಿ ಅವನೇ ಕಾಣುತ್ತಾನೆ. ಜಲ್ವಾ ಜೋಡಿಸುವಾಗ ಮೊದಲು ಅದನ್ನು ತೆಗೆಯಬೇಕೆಂದು ಚಾಚಾ ಕಲಿಸಿದ್ದರು.

ಮಹೆಕಳ ಮದುವೆಯ ಜಲ್ವಾವನ್ನು ಭಾಗ್ಯಳೇ ಜೋಡಿಸಿದಳು. ಅಲ್ಲಿಯೂ ಆ ತಪ್ಪಿತ್ತು.

"ತೆಗಿ," ಎಂದರು ಚಾಚಾ, ಪರದೆಯಿಂದ ಮುಖ ತಿರುಗಿಸಿ.

"ಇದು ಚಂದದರಿ ಚಾಚಾ."

"ನಾ ಕಾಣೋದು ತಪ್ಪು ಬೇಟಾ. ಹುಡುಗಿ ಕನ್ನಡಿ ನೋಡ್ತಾಳ, ಹುಡುಗ ನಗತಾನ. ಅಷ್ಟೇ ಕತಿ. ಅಳಿಸಿಬಿಡು."

ಅವಳು ಕತ್ತರಿಸಿದಳು. ವಾರವಾರ 'ಹಳ್ಳು' ಖಾಲಿ ಮಾಡುವಾಗಲೂ ಆ ತುಣುಕನ್ನು ಅಳಿಸಲಿಲ್ಲ. ಉಸ್ತಾದರ ಮಾತು ಮೀರಿದ್ದು ಅದೊಂದೇ ಸಲ.

*

ಮಹೆಕ್ ಬಂದಾಗ ಅಂಗಳದ ಹಾಸುಗಲ್ಲುಗಳ ಮೇಲೆ ಸ್ನಾನದ ನೀರು ಆರಿ, ಅಂಚಿನ ಗುರುತು ಮಾತ್ರ ಉಳಿದಿತ್ತು. ಅದ್ನಾನ್ ಸ್ಟೇಷನ್ನಿನಿಂದ ನೇರ ಕಬರಸ್ತಾನದ ಕಡೆ ಓಡಿದ್ದ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, ಖಾಲಿ ಅಂಗಳ ನೋಡುತ್ತ ನಿಂತಳು.

"ಒಂದು ಗಳಿಗಿ ತಡೀಲಿಲ್ಲೇನ್ರಿ ಅಮ್ಮೀ?"

"ನಾನೇ ಒಯ್ರಿ ಅಂದೆ," ಎಂದರು ಚಾಚಿ.

ಚಾಂದನ ಹೆಂಡತಿ ಮೆಹತಾಬ್ ಅವಳನ್ನು ಕೋಣೆಗೆ ಕರೆತಂದು ಕೂರಿಸಿದಳು. "ಮುಖ ಭಾಳ ಶಾಂತ ಇತ್ತು ಮಗಳೇ. ಮಲಗಿದಂಗ."

"ಅದು ನೀವು ನೋಡಿದ್ದು ಮೆಹತಾಬ್ ಚಾಚಿ." ಮಹೆಕಳ ಧ್ವನಿ ಒಣಗಿತ್ತು. "ನನಗ ನೆನಪಿರೋದು ಬರೀ ಕಾಚು. ಕ್ಯಾಮರಾದ ಕರೀ ಕಾಚು. ಊರ ಮಂದಿನೆಲ್ಲಾ ನೋಡಿದ ನಮ್ಮ ಅಬ್ಬಾ. ನನ್ನ ಶಾದಿ ದಿನಾನೂ ನನ್ನ ಕಡೆ ಕಣ್ಣಿಲೆ ನೋಡಲಿಲ್ಲ. ಇವತ್ತು ನಾನೂ ನೋಡಲಿಲ್ಲ. ಸರಿ ಹೋತು."

ಭಾಗ್ಯ ಗೋಡೆಗಂಟಿ ನಿಂತಿದ್ದಳು. ಉಸ್ತಾದರು ಮಣ್ಣಿಗಿಳಿಯುವ ಹೊತ್ತಿನಲ್ಲೇ ಅವರ ಮಾತು ಮೀರಿದ್ದನ್ನು ಹೇಳಬೇಕು. ಅಥವಾ ಮಹೆಕ್ ಇದನ್ನೇ ಹೊತ್ತುಕೊಂಡು ಸುಲೇಪೇಟಕ್ಕೆ ಮರಳಬೇಕು.

"ನೋಡ್ಯಾರ," ಎಂದಳು.

ಎಲ್ಲರೂ ತಿರುಗಿದರು. ಅಷ್ಟು ಜನರ ಕಣ್ಣು ಹಿಂದೆಂದಾದರೂ ಒಮ್ಮೆಲೇ ತನ್ನ ಮೇಲೆ ಬಿದ್ದದ್ದು ಅವಳಿಗೆ ನೆನಪಿಲ್ಲ.

"ಏನಂದಿ?"

"ಚಾಚಾ ನಿನ್ನ ನೋಡ್ಯಾರ ಅಕ್ಕ. ಕ್ಯಾಮರಾ ಇಳಿಸಿ ನೋಡ್ಯಾರ. ಜಲ್ವಾದಾಗ. ಅಳಿಸು ಅಂದಿದ್ರು, ನಾ ಅಳಿಸಿಲ್ಲ."

"ಸಾವಿನ ಮನ್ಯಾಗ ಶಾದಿ ವಿಡಿಯೋ ಹಚ್ತಿ ಏನವ್ವ?" ಎಂದಳು ಮೆಹತಾಬ್. "ಮಂದಿ ಏನಂತಾರ?"

ನೂರಜಹಾನ್ ಚಾಚಿ ಗೋಡೆ ಹಿಡಿದು ಎದ್ದರು. "ಹಚ್ಚಲಿ," ಎಂದರು. "ಧ್ವನಿ ಬ್ಯಾಡ."

ಪರದೆ ಬೆಳಗಿತು. ಹೋಳಿಗೆಯ ಕೈ ಇನ್ನೂ ಹಾಗೇ ಇತ್ತು. ಭಾಗ್ಯ ಅದನ್ನು ಮುಚ್ಚಿ, 'ಹಳ್ಳು' ತೆರೆದು, ಆ ತುಣುಕನ್ನು ಹಾಕಿದಳು.

ಕೆಂಪು ದುಪಟ್ಟಾದ ಬೆಳಕಿನಲ್ಲಿ ಮಹೆಕಳ ಬಾಗಿದ ಕೆನ್ನೆ. ಎದುರಿಗೆ ಕನ್ನಡಿ. ಅದರ ಮೂಲೆಯಲ್ಲಿ ಒಂದು ಕರಿಯ ಕಾಚು. ಚಿತ್ರ ಸಣ್ಣಗೆ ನಡುಗಿತು, ಕಾಚು ಎದೆಗಿಳಿಯಿತು. ಅದರ ಮೇಲೆ ಸಿರಾಜುದ್ದೀನರ ಬರಿಯ ಮುಖ. ಕಣ್ಣು ಕನ್ನಡಿಯ ಕಡೆ ಇರಲಿಲ್ಲ, ಅಳಿಯನ ಕಡೆಯೂ ಇರಲಿಲ್ಲ. ಬಾಗಿದ ಆ ಕೆನ್ನೆಯ ಕಡೆ ಇತ್ತು. ತುಟಿ ಏನೋ ಅಂದಿತು. ಮತ್ತೆ ಕಾಚು ಮೇಲೆದ್ದು ಮುಖವನ್ನು ಮುಚ್ಚಿತು. ಮೂರು ಸೆಕೆಂಡು.

ಮಹೆಕ್ ಮುಂದೆ ಬಂದು ಚಾಚಾರ ಕುರ್ಚಿಯ ಬೆನ್ನು ಹಿಡಿದಳು.

"ಜೋಡಿಸಿದ್ದೇನು ಇದು?" ಎಂದಳು. ಅವಳೂ ಈ ಮನೆಯಲ್ಲೇ ಬೆಳೆದವಳು. "ಖರೇ ಹೇಳು ಭಾಗ್ಯ. ನನ್ನ ಸಮಾಧಾನಕ್ಕ ಬ್ಯಾರೆ ಎಲ್ಲಿಂದರ ತಂದು ಅಂಟಿಸೀಯೇನು?"

ಭಾಗ್ಯ ಪರದೆಯ ಕೆಳಗಿನ ಪಟ್ಟಿಯನ್ನು ತೋರಿಸಿದಳು. ಎರಡು ತುಣುಕು ಕೂಡಿದಲ್ಲಿ ಒಂದು ಗೆರೆ ಇರುತ್ತದೆ. ಎಷ್ಟೇ ದೊಡ್ಡದು ಮಾಡಿದರೂ, ಈ ತುದಿಯಿಂದ ಆ ತುದಿಯ ತನಕ ಅಲ್ಲಿ ಅಂಥ ಒಂದೂ ಗೆರೆ ಇರಲಿಲ್ಲ.

ಮಹೆಕ್ ಮೆಲ್ಲಗೆ ಕುರ್ಚಿಯಲ್ಲಿ ಕುಳಿತಳು. ಬೆಳಗಿನಿಂದ ಅದರಲ್ಲಿ ಯಾರೂ ಕುಳಿತಿರಲಿಲ್ಲ.

"ಹಿಂದಕ್ಕ ಹ್ಯಾಂಗ ಹೋಗೋದು?"

ಭಾಗ್ಯ ಅವಳ ಬೆರಳನ್ನು ಹಿಡಿದು ಎಡಬಾಣದ ಗುಂಡಿಯ ಮೇಲಿಟ್ಟಳು. "ಒಂದು ಸಲ ಒತ್ತಿದ್ರ ಒಂದೇ ಚಿತ್ರ ಹಿಂದ ಹೋಗ್ತದ ಅಕ್ಕ. ಒಂದು ಸೆಕೆಂಡಿಗೆ ಇಪ್ಪತ್ತೈದು."

ಹೊರಗೆ ಚಪ್ಪಲಿಗಳ ಸದ್ದಾಯಿತು. ಗಂಡಸರು ಮರಳಿ ಬಂದು ನಲ್ಲಿಯ ಕೆಳಗೆ ಒಬ್ಬೊಬ್ಬರಾಗಿ ಕೈಯ ಮಣ್ಣು ತೊಳೆಯುತ್ತಿದ್ದರು. ಕೆಂಚಾದ ನೀರು ಹಾಸುಗಲ್ಲಿನ ಸಂದುಗಳಲ್ಲಿ ಹರಿಯುತ್ತಿತ್ತು. ಒಳಗೆ ಮಹೆಕ್ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಕನ್ನಡಿಯ ಮೂಲೆಯಲ್ಲಿ ಕಾಚು ಕೂದಲೆಳೆಯಷ್ಟು ಕೆಳಗಿಳಿಯಿತು. ಮೊದಲು ಟೋಪಿ, ಆಮೇಲೆ ಹಣೆ, ಆಮೇಲೆ ಒಂದು ಹುಬ್ಬು.