ಅತ್ತೆಯ ಕುಡಿತ

ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಹೊಡೆಯುವುದು ಸೋಫಾ ರಿಪೇರಿಯವರ ಅಭ್ಯಾಸ. ಅದರಲ್ಲಿ ಅಳಿಯನದು ಎತ್ತಿದ ಕೈ. ಆದರೆ ಈಚೆಗೆ ಬೆಳಗಿನ ಮೊಳೆಗಳೆಲ್ಲ ಸೊಟ್ಟ. ಸ್ಪಂಜಿನ ಸುರುಳಿಗಳ ಹಿಂದೆ ಹೋಗಿ ಬಾಯಿ ಒರೆಸಿಕೊಂಡು ಬಂದ ಮೇಲೆಯೇ ಅವು ನೆಟ್ಟಗೆ ಇಳಿಯುತ್ತಿದ್ದವು. ಎದುರಿಗೇ ಕೂತು ಕವರು ಹೊಲಿಯುವ ಅತ್ತೆಗೆ ಇದು ತಿಳಿಯದೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ!

ಕೇಳಿದರೆ ಅಳಿಯ ಕುಡಿಯುವುದೇ ಇಲ್ಲವೆಂದು ಆಣೆ ಹಾಕುತ್ತಿದ್ದ. ಮಗಳು ಕೊನೆಗೆ ಹೇಳಿಬಿಟ್ಟಳು: "ಅಮ್ಮಾ, ಅವರು ಬಿಡ್ಬೇಕು, ಇಲ್ಲಾಂದ್ರೆ ನಾನು ಮನೆ ಬಿಡ್ತೀನಿ."

ಅತ್ತೆ ಇಕ್ಕಟ್ಟಿಗೆ ಸಿಕ್ಕಳು. ಮಗಳು ಹೊಟ್ಟೆಯಲ್ಲಿ ಹುಟ್ಟಿದವಳು, ನಿಜ. ಅಳಿಯನನ್ನೋ ತಾನೇ ಹುಡುಕಿ, ಮೆಚ್ಚಿ ತಂದಿದ್ದಳು. ಒಂದು ಗಟ್ಟಿ ಬೀಗ ಕೊಂಡಳು. ವಾರದ ಮಟ್ಟಿಗೆ ಅವನನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರೆ ಕುಡಿತ ತಾನೇ ಬಿಡುತ್ತದೆ ಎಂಬುದು ಅವಳ ಲೆಕ್ಕ. ಯಾವುದಕ್ಕೂ ಒಂದು ಮಾತು ಕೇಳಿಬಿಡೋಣ ಎಂದು ಕುಡಿತ ಬಿಡಿಸುವ ಆಸ್ಪತ್ರೆಗೆ ಹೋದಳು. ಅಳಿಯನ ಮಾನ ಹೋಗಬಾರದಲ್ಲ, ಅದಕ್ಕೇ "ಕುಡಿಯೋಳು ನಾನೇ" ಎಂದಳು.

ಡಾಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಬೆಳಿಗ್ಗೆ ಕೈ ನಡುಗುತ್ತಾ?"

"ಒಂದು ಗುಟುಕು ಬೀಳೋವರೆಗೂ ಮೊಳೆ ನೆಟ್ಟಗೆ ಇಳಿಯಲ್ಲ."

"ಒಮ್ಮೆಗೇ ನಿಲ್ಲಿಸೋಕೆ ನೋಡಿದೀರಾ?"

"ಅದಕ್ಕೇ ಬೀಗ ತಂದಿದೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆ ಕೆಲಸ ಮಾತ್ರ ಮಾಡ್ಬೇಡಿ, ಅಮ್ಮ. ದಿನಾ ಕುಡಿದು ಒಗ್ಗಿದ ಮೈಗೆ ಏಕಾಏಕಿ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು. ಕೆಲವರಿಗೆ ಮನೇಲೇ ಇದ್ದು ಔಷಧಿ ತಗೊಂಡ್ರೆ ಸಾಕು. ಇಷ್ಟು ಕೈ ನಡುಗೋರು ಕೆಲವು ದಿನ ಇಲ್ಲೇ ಸೇರಿದ್ರೆ ಒಳ್ಳೇದು. ಯಾವುದು ಅಂತ ಪರೀಕ್ಷೆ ಮಾಡಿ ಹೇಳ್ತೀವಿ. ಆಮೇಲೆ ಆಪ್ತಸಲಹೆ, ಗುಂಪಿನ ಸಭೆ. ಮನೆಯವರೂ ಬರಬೇಕು. ಮತ್ತೆ ಕುಡಿದ್ರೂ ಬೈದು ಓಡಿಸಲ್ಲ, ಮತ್ತೆ ಶುರು ಮಾಡ್ತೀವಿ." ನಕ್ಕು, "ನಾಳೆ ಸಭೆ ಇದೆ. ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ" ಎಂದರು.

ಒಳಗಿನ ಚೌಕಟ್ಟು ಸಡಿಲವಾದ ಸೋಫಾಕ್ಕೆ ಹೊಸ ಕವರು ಹೊದಿಸಲು ಹೊರಟಿದ್ದೆನಲ್ಲಾ ಎಂದು ಅತ್ತೆ ತನ್ನನ್ನೇ ಬೈದುಕೊಂಡಳು.

ಅಂಗಡಿಗೆ ಬಂದವಳೇ ಹೇಳಿದಳು: "ಅಳಿಯಂದ್ರೇ, ನಂಗೆ ಕುಡಿತದ ಚಟ. ನಾಳೆ ಆಸ್ಪತ್ರೆಗೆ ಕರ್ದಿದಾರೆ. ಒಬ್ಬಳೇ ಹೋಗೋಕೆ ಭಯ, ಜೊತೆಗೆ ಬನ್ನಿ."

ಅಳಿಯನ ತುಟಿಯಿಂದ ಮೊಳೆ ಉದುರಿತು. "ಅತ್ತೇ! ನೀವು ಕುಡೀತೀರಾ?"

"ಮನೇಲಿ ಇರೋದೇ ಮೂರು ಜನ. ಮಗಳು ಮುಟ್ಟಲ್ಲ. ನೀವಂತೂ ಆಣೆ ಹಾಕಿದೀರಿ. ಸ್ಪಂಜಿನ ಹಿಂದಿನ ಬಾಟಲಿ ಮಾತ್ರ ಖಾಲಿ ಆಗ್ತಾನೇ ಇದೆ. ಇನ್ನು ಉಳಿದೋಳು ನಾನೇ ಅಲ್ವಾ?"

ಅಳಿಯ ಬಗ್ಗಿ ಉದುರಿದ ಮೊಳೆ ಹುಡುಕುತ್ತಲೇ "ಬರ್ತೀನಿ" ಎಂದ.

ಮರುದಿನ ಸಭೆಯಲ್ಲಿ ದುಂಡಗೆ ಕುರ್ಚಿ ಹಾಕಿದ್ದರು. ಡಾಕ್ಟರಮ್ಮನೂ ಒಂದರಲ್ಲಿ ಕೂತಿದ್ದರು. ಬಸ್ ಡ್ರೈವರೊಬ್ಬ ತಾನು ಎರಡು ಸಲ ಬಿಟ್ಟು ಮತ್ತೆ ಹಿಡಿದದ್ದನ್ನು ಹೇಳಿ ಅತ್ತ. ಟೀಚರೊಬ್ಬಳು ಮಗುವಿನ ಮುಂದೆ ಬಿದ್ದದ್ದನ್ನು ಹೇಳಿದಳು. ಆಮೇಲೆ ಅತ್ತೆಯ ಸರದಿ. ಅವಳು ಎದ್ದು ನಿಂತಳು. ಊರಿಗೆಲ್ಲ ಬಾಯಿಮಾತಿನಲ್ಲೇ ನೀರು ಕುಡಿಸುವ ಹೆಂಗಸು, ನಿಜ ಹೇಳುವವರ ನಡುವೆ ಸುಳ್ಳು ಹೇಳಲಾರದೆ "ನಾನು... ನಾನು..." ಎಂದು ತಡವರಿಸಿದಳು. ಕಣ್ಣು ತುಂಬಿಬಂತು.

ಪಕ್ಕದ ಕುರ್ಚಿ ಕಿರುಗುಟ್ಟಿತು.

"ಕೂತ್ಕೊಳ್ಳಿ ಅತ್ತೆ," ಎಂದ ಅಳಿಯ, ಅವಳ ಭುಜ ಹಿಡಿದು. ಅವನ ಕೈ ನಡುಗುತ್ತಿತ್ತು. "ಕುಡಿಯೋನು ನಾನು. ಇವರು ಕಾಫೀನೂ ಲೈಟಾಗಿ ಕುಡಿಯೋರು."

ಎಲ್ಲರೂ ನಕ್ಕರು. ಅಳಿಯನೂ ನಕ್ಕ, ಆಮೇಲೆ ಮುಖ ಮುಚ್ಚಿಕೊಂಡ. "ಇಲ್ಲೇ ಸೇರು ಅಂದ್ರೆ ಸೇರ್ತೀನಿ, ಡಾಕ್ಟ್ರೇ. ಆದ್ರೆ ಅತ್ತೆ ದಿನಾ ಬರ್ಬೇಕು."

"ಬರ್ದೆ ಏನು? ಚಟ ನಂದೂ ಅಲ್ವಾ!" ಎಂದಳು ಅತ್ತೆ, ಸೆರಗಿನಲ್ಲಿ ಮೂಗು ಒರೆಸಿಕೊಂಡು.

ಅವನನ್ನು ಅಲ್ಲಿ ಸೇರಿಸಿ ಬಂದು, ಆ ಗಟ್ಟಿ ಬೀಗವನ್ನು ಅಂಗಡಿಯ ಬಾಗಿಲಿಗೇ ಜಡಿದಳು. ಮಗಳನ್ನೂ ಕರೆದುಕೊಂಡು ದಿನವೂ ಅಳಿಯನನ್ನು ನೋಡಲು ಹೋಗಬೇಕಿತ್ತಲ್ಲ.