ಪುಸ್ತಕದಲ್ಲಿದ್ದ ಅಳತೆ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಹೊರಟುಹೋದ ಮಾರನೆಯ ಬೆಳಿಗ್ಗೆ, ಶೂ ಕಟ್ಟಲು ಬಗ್ಗಿದಾಗ, ಅವಳ ಪ್ಯಾಂಟು ಹರಿಯಿತು.

ಸಣ್ಣಗೇನಲ್ಲ. ತೊಡೆಯ ಒಳಗಡೆ, ಬಟ್ಟೆ ಸವೆದು ತೆಳ್ಳಗಾಗಿದ್ದ ಕಡೆ, ಒಂದು ಗೇಣು.

ಅಡುಗೆಮನೆಯಿಂದ ಅತ್ತೆ ಕೂಗಿದರು. "ಏನದು ಸದ್ದು?"

"ಪ್ಯಾಂಟು, ಅತ್ತೆ."

"ಸದ್ಯ. ನಾನು ಇನ್ನೇನೋ ಅಂದ್ಕೊಂಡೆ."

ಮನೆಯಲ್ಲಿ ಈಗ ಯಾವ ಸದ್ದಾದರೂ ಅತ್ತೆ ಇನ್ನೇನೋ ಅಂದುಕೊಳ್ಳುತ್ತಿದ್ದರು. ಅವರ ಮಗ, ಅವಳ ಗಂಡ, ಬಸ್ಸಿಗೆ ಕಾಯುತ್ತ ನಿಂತಿದ್ದವನು ಹಾಗೇ ಕುಸಿದು ಸತ್ತು ಹದಿನಾರು ದಿನವಾಗಿತ್ತು.

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಕೆಲಸಕ್ಕೆ ಹಾಕುವ ದಪ್ಪ ಹತ್ತಿಯ ಪ್ಯಾಂಟು, ಚಿನೋಸ್, ಇದ್ದದ್ದು ಎರಡೇ. ಒಂದು ಹೋದ ತಿಂಗಳು ಹರಿದಿತ್ತು, ಇನ್ನೊಂದು ಇವತ್ತು. ಎರಡೂ ಒಂದೇ ಜಾಗದಲ್ಲಿ. ಅವಳ ಮೈಕಟ್ಟೇ ಹಾಗೆ: ಸೊಂಟ ಸಣ್ಣದು, ಅದರ ಕೆಳಗೆ ಇದ್ದಕ್ಕಿದ್ದಂತೆ ಅಗಲ, ದಪ್ಪ ತೊಡೆ, ಗಿಡ್ಡ ಕಾಲು. "ನಿನ್ನ ಸೊಂಟ ಒಂದು ಮನೆತನದ್ದು, ತೊಡೆ ಇನ್ನೊಂದು ಮನೆತನದ್ದು. ಎರಡಕ್ಕೂ ಮಾತುಕತೆ ಇಲ್ಲ" ಎನ್ನುತ್ತಿದ್ದ ಗಂಡ. ನಗು ಬಂದಿತ್ತು, ಮೊದಲ ಸಲ. ನಾಲ್ಕು ವರ್ಷದಲ್ಲಿ ಎಷ್ಟು ಸಲ ಹೇಳಿದ್ದನೋ.

ಅವಳ ಕೆಲಸ ನೀರು ಶುದ್ಧೀಕರಿಸುವ ಘಟಕದಲ್ಲಿ. ಕಬ್ಬಿಣದ ಏಣಿ ಹತ್ತಿ, ಆರು ತೊಟ್ಟಿಗಳಿಂದ ಬಾಟಲಿಗಳಲ್ಲಿ ನೀರು ಹಿಡಿದು ತಂದು ಪರೀಕ್ಷೆ ಮಾಡುವುದು. ಮೇಲೆ ಹತ್ತುವವರು ಮೈಗೆ ಹೊಂದುವ ದಪ್ಪ ಹತ್ತಿಯ ಪ್ಯಾಂಟನ್ನೇ ಹಾಕಿರಬೇಕು, ಜೀನ್ಸ್ ಕೂಡದು, ಜೋಲುವ ಬಟ್ಟೆ ಕೂಡದು ಎಂದು ಗೋಡೆಯ ಮೇಲೆ ಬರೆದಿತ್ತು. ಅವಳು ಮದುವೆಗಳಿಗೆ ಹಾಕುವ ಕರಿಯ, ಜಾರುವ ಪ್ಯಾಂಟಿನಲ್ಲಿ ಹೋದಳು. ಮುಖ್ಯಸ್ಥರು ಅವಳ ಕಾಲನ್ನು ನೋಡಿದರು, ಗೋಡೆಯನ್ನು ನೋಡಿದರು.

"ಅವಸರ ಏನಿಲ್ಲಮ್ಮ. ಸ್ವಲ್ಪ ದಿನ ಕೆಳಗೇ ಕೂತ್ಕೊಂಡು ದಾಖಲೆ ಬರೀರಿ. ಪ್ಯಾಂಟಿನ ವ್ಯವಸ್ಥೆ ಆದ್ಮೇಲೆ ಹತ್ತುವಿರಂತೆ."

ಕೆಳಗೆ ಕೂತರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹಾಗೇ ಆಯಿತು. ಹನ್ನೊಂದು ಗಂಟೆಯೊಳಗೆ ಏಳು ಜನ ಬಂದು ಮೇಜಿನ ಮೂಲೆ ಹಿಡಿದು ನಿಂತರು. ಪಂಪಿನವನು ಬಂದು ನಿಟ್ಟುಸಿರು ಬಿಟ್ಟ. ಲೆಕ್ಕಪತ್ರದಾಕೆ ಬೆನ್ನು ಸವರಿ, "ಅತ್ತುಬಿಡು, ಒಳಗಿಟ್ಕೋಬೇಡ" ಎಂದಳು. ಅವಳಿಗೆ ಅಳು ಬರಲಿಲ್ಲ. ಬಾರದ್ದಕ್ಕೆ ಆಕೆ ಇನ್ನೊಮ್ಮೆ ಸವರಿದಳು. ಗಾಜಿನಾಚೆ, ತೊಟ್ಟಿಗಳ ಮೇಲೆ, ಒಬ್ಬರೂ ಇರಲಿಲ್ಲ. ಬರೀ ಗಾಳಿ, ನೀರಿನ ಸದ್ದು. ಅಲ್ಲಿಗೆ ಹೋಗಬೇಕೆಂದರೆ ಒಂದು ಪ್ಯಾಂಟು ಬೇಕು, ಅಷ್ಟೇ. ಆ ಹೊತ್ತಿಗೆ ಅವಳಿಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಅದೊಂದೇ.

ಸಂಜೆ ಅಂಗಡಿಗಳಿಗೆ ಹೋದಳು. ಮೊದಲನೆಯದರಲ್ಲಿ ತೊಡೆಗೆ ಸರಿಹೋದದ್ದು ಸೊಂಟದಲ್ಲಿ ಚೀಲದ ಬಾಯಿಯಂತೆ ತೆರೆದುಕೊಂಡಿತು. ಸೊಂಟಕ್ಕೆ ಸರಿಹೋದದ್ದು ಮೊಣಕಾಲಿನಿಂದ ಮೇಲೆ ಬರಲು ಒಪ್ಪಲಿಲ್ಲ.

"ಸ್ಟ್ರೆಚ್ ಇದೆ ಮೇಡಂ, ಬರುತ್ತೆ, ಎಳೀರಿ," ಎಂದಳು ಪರದೆಯಾಚೆಯಿಂದ ಅಂಗಡಿಯ ಹುಡುಗಿ.

"ಎಳೀತಾ ಇದ್ದೀನಿ."

"ಸ್ವಲ್ಪ ಕುಣೀರಿ ಮೇಡಂ. ಕುಣಿದ್ರೆ ಬರುತ್ತೆ."

ಗಂಡ ಸತ್ತ ಹದಿನಾರನೆಯ ದಿನ, ಎರಡು ಅಡಿ ಜಾಗದಲ್ಲಿ, ಮೂರು ಕಡೆ ಕನ್ನಡಿಯ ಮುಂದೆ, ಅವಳು ಕುಣಿದಳು. ಬರಲಿಲ್ಲ.

ಎರಡನೆಯ ಅಂಗಡಿಯವನು ಬೆಲ್ಟ್ ಕಟ್ಟಿಕೊಳ್ಳಿ ಎಂದ. ಮೂರನೆಯವನು ಗಂಡಸರ ವಿಭಾಗ ತೋರಿಸಿದ. ನಾಲ್ಕನೆಯದರಲ್ಲಿ ಒಬ್ಬ ಹಿರಿಯ ಹೆಂಗಸು ಅವಳನ್ನು ಸುಮ್ಮನೆ ಒಂದು ಸುತ್ತು ನೋಡಿ, "ನಿಮಗೆ ಹೊಲಿಸೋದೇ ಸರಿ, ತಾಯಿ" ಎಂದಳು. ಕಡೇಪಕ್ಷ ಒಬ್ಬರು ನಿಜ ಹೇಳಿದರು.

ಹೊಲಿಸುವುದೆಂದರೆ ಟೈಲರ್ ತಾತ. ಹರಿದ ಎರಡನ್ನೂ ಹೊಲಿದವನು ಅವನೇ. ಅವನ ಅಂಗಡಿ ಅವರ ಬೀದಿಯ ತಿರುವಿನಲ್ಲಿ, ಒಂದು ಯಂತ್ರ, ಒಂದು ಮೇಜು, ಕೊಕ್ಕೆಗಳಿಗೆ ನೇತುಹಾಕಿದ ಬಟ್ಟೆಗಳ ನಡುವೆ ಉಳಿದಷ್ಟು ಜಾಗ. ಅವಳನ್ನು ಕಂಡವನೇ ಕನ್ನಡಕ ತೆಗೆದು ಒರೆಸತೊಡಗಿದ. ಗಂಡನ ಮಾತು ಬರುತ್ತದೆಂದು ಅವಳು ಹಲ್ಲು ಕಚ್ಚಿ ನಿಂತಳು. ಅವನು ಬರೀ, "ಚಿನೋಸಾ?" ಎಂದ. ಆ ಒಂದು ಮಾತಿಗೆ ಅವಳು ಅವನಿಗೆ ಏನು ಬೇಕಾದರೂ ಕೊಡುತ್ತಿದ್ದಳು.

"ಬೇಗ ಬೇಕು ತಾತ. ಅಳತೆ ತಗೊಳ್ಳಿ."

"ನಿನ್ನ ಅಳತೆ ಪುಸ್ತಕದಲ್ಲಿದೆ. ನಿನ್ನಂಥ ಅಳತೆ ಮರೆಯೋಕಾಗುತ್ತಾ? ಅದನ್ನ ಹೊಲಿದ ಮೇಲೆ ನಾನು ಎರಡು ದಿನ ರಜೆ ಹಾಕಿದ್ದೆ." ಕೊರಳಲ್ಲಿದ್ದ ಹಳದಿ ಟೇಪನ್ನು ಕಿತ್ತು ಮೇಜಿನ ಮೇಲೆ ಒಗೆದ. "ಈ ಹೊಸ ಟೇಪು ಬೇರೆ. ಪ್ಲಾಸ್ಟಿಕ್ಕು. ಕೊರಳಲ್ಲಿ ನಿಲ್ಲಲ್ಲ, ಹಾವಿನ ಹಾಗೆ ಜಾರುತ್ತೆ."

ಮೂರು ದಿನಕ್ಕೆ ಪ್ಯಾಂಟು ಸಿದ್ಧವಾಯಿತು. ಮನೆಯಲ್ಲಿ ಹಾಕಿ ನೋಡಿದಳು. ಎಲ್ಲ ಕಡೆಯೂ ಬಿಗಿ. ಸೊಂಟದಲ್ಲಿ ಉಸಿರು ಕಟ್ಟುತ್ತಿತ್ತು. ಕೂತರೆ ಏಳಲು ಗೋಡೆ ಬೇಕು.

"ದಪ್ಪ ಆಗಿದ್ದೀಯಮ್ಮ," ಎಂದ ತಾತ, ವಾಪಸು ತಂದಾಗ.

"ತಾತ, ಇಪ್ಪತ್ತು ದಿನದಿಂದ ನನಗೆ ಸರಿಯಾಗಿ ಊಟ ಸೇರ್ತಿಲ್ಲ. ಕೈಯಲ್ಲಿರೋ ವಾಚು ಮೊಣಕೈವರೆಗೆ ಹೋಗ್ತಿದೆ. ನಾನು ಹೇಗೆ ದಪ್ಪ ಆದೆ?"

"ನೀನೊಬ್ಬಳೇ ಅಲ್ಲ, ಊರಿಗೆ ಊರೇ ದಪ್ಪ ಆಗಿದೆ. ಒಂದೂವರೆ ತಿಂಗಳಿಂದ ನೋಡ್ತಿದ್ದೀನಿ, ಒಬ್ಬೊಬ್ಬರೂ ವಾಪಸು. ಅಂಚೆಯವನ ಪ್ಯಾಂಟು ಬಿಗಿ, ಡಾಕ್ಟರ ಕೋಟು ಬಿಗಿ. ನಲವತ್ತು ವರ್ಷ ಇಲ್ಲದ್ದು ಈಗ! ಜನ ಕೂತಲ್ಲೇ ತಿಂತಾರೆ, ಬೈಗುಳ ಮಾತ್ರ ನನಗೆ."

ಬಿಚ್ಚಿ, ಒಳಗೆ ಉಳಿಸಿದ್ದ ಬಟ್ಟೆಯನ್ನೆಲ್ಲ ಬಿಟ್ಟು, ಮತ್ತೆ ಹೊಲಿದುಕೊಟ್ಟ. ಅದನ್ನು ತಂದದ್ದು ಭಾನುವಾರ ಬೆಳಿಗ್ಗೆ. ನಡುಮನೆಯಲ್ಲೇ ಹಾಕಿಕೊಂಡು, ಏಣಿ ಹತ್ತುವಂತೆ ಒಂದು ಕಾಲನ್ನು ಕುರ್ಚಿಯ ಮೇಲಿಟ್ಟಳು. ಸೊಂಟದ ಗುಂಡಿ ಟಪ್ಪೆಂದು ಹಾರಿ, ನೆಲಕ್ಕೆ ಬಡಿದು, ಉರುಳಿ ಉರುಳಿ, ಪುಸ್ತಕದ ಕಪಾಟಿನ ಪಕ್ಕದ ಸಂದಿಗೆ ಹೋಯಿತು.

"ಏನದು ಸದ್ದು?"

"ಗುಂಡಿ, ಅತ್ತೆ!" ಎಂದು ಕಿರುಚಿದಳು. ಇಷ್ಟು ದಿನದಲ್ಲಿ ಅವಳ ದನಿ ಏರಿದ್ದು ಇದೇ ಮೊದಲು. ಅತ್ತೆ ಬಂದು ಬಾಗಿಲಲ್ಲಿ ನಿಂತರು.

"ಕಡ್ಡಿ ಆಗಿದ್ದೀಯ. ಅದು ಹೇಗೆ ಬಿಗಿ ಆಗುತ್ತೆ?"

"ಅದನ್ನೇ ನಾನೂ ಕೇಳ್ತಿರೋದು!"

ಗುಂಡಿ ಬಿದ್ದದ್ದಾದರೂ ಎಲ್ಲಿ! ಗಂಡ ಹೋದ ದಿನದಿಂದ ಆ ಸಂದಿನ ಕಡೆ ಅವಳು ತಿರುಗಿಯೂ ನೋಡಿರಲಿಲ್ಲ.

ನಡುಮನೆಯ ಗೋಡೆಯಲ್ಲಿ ಒಳಸರಿದ ಒಂದು ಜಾಗವಿತ್ತು. ಅಲ್ಲಿಗೆ ಸರಿಯಾಗಿ ಕೂರುವಂತೆ ಕಪಾಟು ಮಾಡಿಸಬೇಕೆಂಬುದು ಅವಳ ಬಹುದಿನದ ಆಸೆ. ಗಂಡ ಟೇಪು ತಂದ. ಟೈಲರ್ ತಾತನದೇ, ಬಟ್ಟೆಯ ಹಳೇ ಟೇಪು. ಅದನ್ನು ಕೊರಳಿಗೆ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, "ಏನಮ್ಮಾ, ಚಿನೋಸಾ?" ಎಂದು ಮನೆಯೆಲ್ಲ ತಿರುಗಿದ್ದ. ಅಗಲ ನಲವತ್ತೆಂಟು ಇಂಚೆಂದು ಬರೆದುಕೊಂಡು ಹೋಗಿ ಬಡಗಿಗೆ ಕೊಟ್ಟ. ಕಪಾಟು ಬಂತು. ನಿಲ್ಲಿಸಿದರೆ ಪಕ್ಕದಲ್ಲಿ ಎರಡು ಬೆರಳು ಸಂದು. ಬಡಗಿ ತನ್ನ ಉಕ್ಕಿನ ಟೇಪು ಹಿಡಿದು ತೋರಿಸಿದ: ಕಪಾಟು ನಲವತ್ತೆಂಟೇ.

"ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡ್ತೀರಿ," ಎಂದಿದ್ದಳು ಅವಳು, ಬಡಗಿಯ ಎದುರಿಗೇ. "ಒಂದು ಗೋಡೆ ಅಳೆಯೋಕೆ ಬರಲ್ವಾ?"

"ಮೂರು ಸಲ ಅಳೆದೆ ಕಣೇ."

"ಮೂರು ಸಲವೂ ತಪ್ಪು."

ಅವನು ಮತ್ತೆ ವಾದಿಸಲಿಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು. ಎರಡು ದಿನ ಮನೆಯಲ್ಲಿ ಉಪ್ಪು, ನೀರು, ಬೀಗದ ಕೈ ಎಂಬಷ್ಟೇ ಮಾತು. ಮೂರನೆಯ ಬೆಳಿಗ್ಗೆ ಅವನ ಕೆಂಪು ಪೆನ್ನು ಆ ಸಂದಿಗೆ ಬಿತ್ತು. "ಒಂದು ಉದ್ದ ಸೌಟು ಕೊಡೇ" ಎಂದ. "ನಿಮ್ಮ ಅಳತೆ ತಾನೇ, ನೀವೇ ನೋಡ್ಕೊಳ್ಳಿ" ಎಂದಳು. ಬಸ್ಸಿಗೆ ಹೊತ್ತಾಗಿತ್ತು. ಅವನು ಪೆನ್ನಿಲ್ಲದೆ ಹೋದ.

ಇಷ್ಟು ದಿನ ಬಂದವರೆಲ್ಲ ಕೇಳಿದ್ದರು, ಕೊನೆಗೆ ಏನು ಮಾತಾಡಿದ ಎಂದು. ಏನೂ ಇಲ್ಲ, ಹೊತ್ತಾಯ್ತು ಅಂದರು, ಅಷ್ಟೇ ಎಂದಿದ್ದಳು.

ಈಗ ಅವಳೇ ಹೋಗಿ ಉದ್ದ ಸೌಟು ತಂದಳು. ಗುಂಡಿಯಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು, ನೆಲಕ್ಕೆ ಕೆನ್ನೆ ಹಚ್ಚಿ ಕೆದಕಿದಳು. ಮೊದಲು ಧೂಳು ಬಂತು. ಆಮೇಲೆ ಗುಂಡಿ. ಆಮೇಲೆ ಕೆಂಪು ಪೆನ್ನು. ಸೌಟಿನ ತುದಿಗೆ ಇನ್ನೇನೋ ಮೆತ್ತಗೆ ತಗುಲಿತು. ಎಳೆದಳು. ತಾತನ ಟೇಪು, ಬೆವರು ಕುಡಿದು ಕಂದಾಗಿದ್ದ ಬಟ್ಟೆಯ ಟೇಪು, ಸುರುಳಿಯಾಗಿ ಬಂತು.

ಪೆನ್ನನ್ನು ಅತ್ತೆ ಎತ್ತಿಕೊಂಡರು. ಸೆರಗಿನಿಂದ ಅದರ ಧೂಳು ಒರೆಸುತ್ತ ಒಳಗೆ ಹೋದರು.

ಅವಳು ಟೇಪಿನ ಸುರುಳಿ ಬಿಡಿಸಿದಳು. ಆಮೇಲೆ, ಗಂಡನ ಅಳತೆ ತಪ್ಪೆಂದು ಇನ್ನೊಮ್ಮೆ ಸಾಬೀತು ಮಾಡಲೆಂಬಂತೆ, ಕಪಾಟಿನ ತಲೆಯ ಮೇಲೆ, ಗೋಡೆಯಿಂದ ಗೋಡೆಗೆ ಟೇಪನ್ನು ಹಿಡಿದಳು.

ನಲವತ್ತೆಂಟು.

ಮತ್ತೆ ಹಿಡಿದಳು. ನಲವತ್ತೆಂಟು. ಮೂರನೆಯ ಸಲವೂ ಅಷ್ಟೇ. ಬರೀ ಕಪಾಟನ್ನು ಅಳೆದಳು. ಬಡಗಿ ನಲವತ್ತೆಂಟೆಂದು ತೋರಿಸಿದ್ದ ಕಪಾಟು ಈ ಟೇಪಿನಲ್ಲಿ ನಲವತ್ತಾರೂವರೆಯ ಆಸುಪಾಸಿಗೇ ಮುಗಿಯಿತು.

ಸೋಮವಾರ ಎಲ್ಲರಿಗಿಂತ ಮೊದಲು ಪ್ರಯೋಗಶಾಲೆಗೆ ಹೋದಳು. ಅಲ್ಲಿ ದಿನವೂ ಅವಳ ಮೊದಲ ಕೆಲಸ ಒಂದೇ: ಗೊತ್ತಿರುವ ದ್ರಾವಣದಲ್ಲಿ ಅದ್ದಿ, ಮೀಟರು ನಿಜ ಹೇಳುತ್ತಿದೆಯೋ ಇಲ್ಲವೋ ನೋಡುವುದು. ಆರು ವರ್ಷದಿಂದ ಯಾವ ಮೀಟರನ್ನೂ ಅವಳು ಪರೀಕ್ಷಿಸದೆ ನಂಬಿದ್ದಿಲ್ಲ. ನೂರು ಸೆಂಟಿಮೀಟರಿನ ಉಕ್ಕಿನ ಅಳತೆ ಪಟ್ಟಿಯ ಪಕ್ಕದಲ್ಲಿ, ಸೆಂಟಿಮೀಟರಿನ ಬದಿ ಮೇಲಾಗಿ, ಟೇಪನ್ನು ಹಾಸಿದಳು. ಪಟ್ಟಿ ನೂರಕ್ಕೆ ಮುಗಿಯಿತು. ಟೇಪು ಅಲ್ಲಿ ತೊಂಬತ್ತೇಳನ್ನು ತೋರಿಸುತ್ತಿತ್ತು.

ನಲವತ್ತು ವರ್ಷ ಎಳೆದೆಳೆದು ಟೇಪು ಹಿಗ್ಗಿತ್ತು. ಅದರಲ್ಲಿ ಏನನ್ನು ಅಳೆದರೂ ಇದ್ದದ್ದಕ್ಕಿಂತ ಕಡಿಮೆಯೇ ಬರುತ್ತಿತ್ತು. ತಾತನಿಗೆ ಅದರಿಂದ ತೊಂದರೆ ಇರಲಿಲ್ಲ. ಮೈಯನ್ನು ಅಳೆದ ಟೇಪಿನಲ್ಲೇ ಬಟ್ಟೆಯನ್ನೂ ಅಳೆದು ಕತ್ತರಿಸುತ್ತಿದ್ದ, ತಪ್ಪಿಗೆ ತಪ್ಪು ಸರಿಹೋಗುತ್ತಿತ್ತು. ಈಗ ಪುಸ್ತಕದಲ್ಲಿ ಹಳೇ ಟೇಪಿನ ಅಂಕಿ, ಮೇಜಿನ ಮೇಲೆ ಹೊಸ ಟೇಪು. ಅಂಚೆಯವನೂ ದಪ್ಪವಾಗಿರಲಿಲ್ಲ, ಡಾಕ್ಟರೂ ಆಗಿರಲಿಲ್ಲ. ಅವಳೂ ಅಷ್ಟೇ.

ಗಂಡ ಮೂರು ಸಲ ಅಳೆದಿದ್ದ. ಮೂರು ಸಲವೂ ಸರಿಯಾಗಿ ಅಳೆದಿದ್ದ.

ಪಟ್ಟಿಯ ಪಕ್ಕ ಅವಳು ಎಷ್ಟು ಹೊತ್ತು ನಿಂತಿದ್ದಳೋ. ಲೆಕ್ಕಪತ್ರದಾಕೆ ಬಂದು ಮುಖ ನೋಡಿ, "ಅಯ್ಯೋ, ಅತ್ತಿದ್ದೀಯಲ್ಲ, ಒಳ್ಳೇದಾಯ್ತು" ಎಂದಳು. ಅವಳಿಗೆ ಎಷ್ಟು ಕೋಪ ಬಂತೆಂದರೆ ಟೇಪನ್ನು ಸುತ್ತಿ ಜೇಬಿಗಿಟ್ಟು ಆಚೆ ಹೋದಳು. ಯಾರ ಮೇಲೆ ಕೋಪವೆಂದು ಗೊತ್ತಾಗಲಿಲ್ಲ. ಒಂದು ಮಾತು ಇನ್ನೂ ಸ್ವಲ್ಪ ಜೋರಾಗಿ ವಾದಿಸಬಾರದಿತ್ತೇ, ಮಹಾರಾಯ? ಆ ಟೇಪೇ ತಪ್ಪಿರಬೇಕು ಕಣೇ ಎನ್ನಲು ಏನಾಗಿತ್ತು?

ಸಂಜೆ ತಾತ ಯಾರದೋ ಅಂಗಿಯ ಕಂಕುಳಿನ ಹೊಲಿಗೆ ಬಿಚ್ಚುತ್ತ ಗೊಣಗುತ್ತಿದ್ದ. ಅವಳು ಗುಂಡಿ ಕಿತ್ತುಹೋದ ಪ್ಯಾಂಟನ್ನು ಮೇಜಿನ ಮೇಲಿಟ್ಟಳು.

"ಮತ್ತೆ ಬಿಗಿಯಾ?" ಅವನು ತಲೆ ಚಚ್ಚಿಕೊಂಡ. "ನನ್ನ ಕೈಯೇ ಕೆಟ್ಟಿದೆ ಮಗಳೇ. ಅಂಗಡಿ ಮುಚ್ಚಿಬಿಡ್ತೀನಿ."

ಅವಳು ಪ್ಯಾಂಟಿನ ಮೇಲೆ ಟೇಪನ್ನಿಟ್ಟಳು.

ತಾತನ ಕೈ ನಿಂತಿತು. ಟೇಪನ್ನು ಎತ್ತಿ ಧೂಳು ಒರೆಸಿ ಕೊರಳಿಗೆ ಹಾಕಿಕೊಂಡ. ಅದು ಜಾರಲಿಲ್ಲ.

"ನೀವು ಕೇಳಬಹುದಿತ್ತು," ಎಂದಳು.

"ಹೇಗೆ ಕೇಳಲಿ? ನಿನ್ನ ಗಂಡ ನನ್ನ ಟೇಪು ತಗೊಂಡು ಹೋದ ಅಂತ ಆ ಮನೆ ಬಾಗಿಲಿಗೆ ಬರೋಕಾಗುತ್ತಾ? ಬಾಯಿ ಬರಲಿಲ್ಲ." ಮೂಗೆಳೆದುಕೊಂಡು ಎದ್ದ. "ಬಾ, ನೇರ ನಿಂತ್ಕೋ. ಪುಸ್ತಕ ಹಾಳಾಗಿ ಹೋಗಲಿ, ಹೊಸದಾಗಿ ಅಳೆದೇ ಬಿಡ್ತೀನಿ."

"ಬೇಡ ತಾತ. ಪುಸ್ತಕದಲ್ಲಿರೋದೇ ಸರಿ ಇದೆ. ಈ ಟೇಪಿನಲ್ಲಿ ಕತ್ತರಿಸಿ."

"ನಿನಗೇನು ಗೊತ್ತು?"

"ಗೊತ್ತು."

ಅವನು ಅವಳ ಮುಖವನ್ನೊಮ್ಮೆ ನೋಡಿ, ವಾದ ಬೇಡವೆಂದುಕೊಂಡವನಂತೆ ಪುಸ್ತಕ ತೆರೆದ. ಹಾಳೆ ತಿರುವುತ್ತ, ತಲೆ ಎತ್ತದೆ ಕೇಳಿದ.

"ಏನೋ ಗೋಡೆ ಅಳೀಬೇಕು ಅಂತ ತಗೊಂಡು ಹೋಗಿದ್ದ. ಕೆಲಸ ಆಯ್ತಾ ಅವನದು?"

"ಆಯ್ತು," ಎಂದಳು. "ಸರಿಯಾಗೇ ಅಳೆದಿದ್ರು."